ಹುಣಸೆ ಬೀಜದ ಇಂಗ್ಲಿಷ್

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯೊಳಗೆ ದಿನಾ ಸಂಜೆ ಒಂದು ಗಂಟೆ ಹೊತ್ತು ಕನ್ನಡಕ್ಕೆ ಪ್ರವೇಶ ಇರಲಿಲ್ಲ. ದೇವರ ಮುಂದೆ ದೀಪ ಹಚ್ಚಿದಾಗಿನಿಂದ ಅವ್ವ ಒಲೆಯ ಮೇಲೆ ರೊಟ್ಟಿಯ ಹಂಚು ಇಡುವ ತನಕ ನಾವು ಇಂಗ್ಲಿಷಿನಲ್ಲೇ ಮಾತಾಡಬೇಕಿತ್ತು. ಬಾಯಿ ತಪ್ಪಿ ಒಂದು ಕನ್ನಡದ ಮಾತು ಬಂದರೆ ಒಂದು ಹುಣಸೆ ಬೀಜ ದಂಡ. ಇಂಗ್ಲಿಷನ್ನು ತಪ್ಪಾಗಿ ಆಡಿದರೂ ಒಂದು ಹುಣಸೆ ಬೀಜ. ಈಗ ನೀವು ನಗುತ್ತೀರಿ. ನಗಿ ಮಕ್ಕಳೇ, ಅಡ್ಡಿಯಿಲ್ಲ. ಆದರೆ ಆ ಬೀಜಕ್ಕೆ ಹೆದರಿ ನಾನು ಮಾಡಿದ ಒಂದು ಕೆಲಸ ನೆನಪಾದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಆಗ ನಾವಿದ್ದದ್ದು ಹೆಬ್ಬಾಳದ ಆಚೆಯ ಕೆಂಪಾಪುರದಲ್ಲಿ. ಎಪ್ಪತ್ತರ ದಶಕ ಮುಗಿಯುತ್ತಾ ಬಂದ ಕಾಲ. ಅಪ್ಪ ಧಾರವಾಡದ ಕಡೆಯಿಂದ ವರ್ಗವಾಗಿ ಬಂದು ಹೆಬ್ಬಾಳದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಮನೆಯಲ್ಲಿ ಅಪ್ಪ, ಅವ್ವ, ಅಕ್ಕ, ನಾನು, ಇಷ್ಟೇ ಜನ. ಎರಡು ಕೋಣೆಯ ಹೆಂಚಿನ ಮನೆ, ಮುಂದೆ ಕೆಮ್ಮಣ್ಣು ಸಾರಿಸಿದ ಜಗುಲಿ, ಹಿತ್ತಲಲ್ಲಿ ಸೇದುವ ಬಾವಿ. ಬಾವಿಯ ಆಚೆ ದ್ರಾಕ್ಷಿ ತೋಟ ಶುರುವಾಗುತ್ತಿತ್ತು. ಹಣ್ಣಾಗುವ ದಿನಗಳಲ್ಲಿ ಅದರ ಹುಳಿಸಿಹಿ ವಾಸನೆ ನಮ್ಮ ಹಾಸಿಗೆಯ ತನಕ ಬರುತ್ತಿತ್ತು. ಪಕ್ಕದ್ದು ನಮ್ಮ ಓನರ್ ಅಜ್ಜಿಯ ಮನೆ. ಅಜ್ಜಿ ಆ ಊರಿನಲ್ಲೇ ಹುಟ್ಟಿ ಅಲ್ಲೇ ಮುದುಕಿಯಾದವಳು. ಅವಳಿಗೆ ಒಂದು ಕರಿ ಮೇಕೆಯಿತ್ತು, ಒಂದು ಕಿವಿ ಮಾತ್ರ ಬಿಳಿ. ಅದನ್ನು ಕಟ್ಟಿ ಹಾಕುವ ಅಭ್ಯಾಸ ಅಜ್ಜಿಗೂ ಇರಲಿಲ್ಲ, ಕಟ್ಟಿಸಿಕೊಳ್ಳುವ ಅಭ್ಯಾಸ ಮೇಕೆಗೂ ಇರಲಿಲ್ಲ.

ಈ ಇಂಗ್ಲಿಷ್ ಗಂಟೆ ಹುಟ್ಟಿದ್ದು ಅಕ್ಕನಿಗಾಗಿ. ಅಕ್ಕ ಪಿಯುಸಿ ಮುಗಿಸಿದ್ದಳು. ಇಂಗ್ಲಿಷ್ ಗ್ರಾಮರ್ ಪುಸ್ತಕವನ್ನು ಅರೆದು ಕುಡಿದಿದ್ದಳು. ಅಪ್ಪ ಯಾವ ವಾಕ್ಯ ಕೊಟ್ಟರೂ ಅದನ್ನು ಹಿಂದುಮುಂದು ಮಾಡಿ, ನಿನ್ನೆಯದನ್ನು ನಾಳೆಗೆ ತಿರುಗಿಸಿ, ಪ್ರಶ್ನೆಯಾಗಿ ಬದಲಿಸಿ ಸ್ಲೇಟಿನ ಮೇಲೆ ಬರೆದುಬಿಡುತ್ತಿದ್ದಳು. ಬರೆ ಎಂದರೆ ಹುಲಿ. ಮಾತಾಡು ಎಂದರೆ ಮಾತ್ರ ಬಾಯಿಗೆ ಬೀಗ. ಹೇಳಬೇಕಾದ ವಾಕ್ಯವನ್ನು ತಲೆಯೊಳಗೇ ಪೂರ್ತಿ ಜೋಡಿಸಿ, ಎರಡು ಸಲ ಪರೀಕ್ಷಿಸಿ, ತಪ್ಪಿಲ್ಲ ಎಂದು ಖಾತ್ರಿಯಾದ ಮೇಲೆ ತುಟಿ ಬಿಚ್ಚುತ್ತಿದ್ದಳು. ಅಷ್ಟರಲ್ಲಿ ಎದುರಿಗಿದ್ದವರು ಬೇರೆ ಮಾತಿಗೆ ಹೋಗಿರುತ್ತಿದ್ದರು.

ಹೀಗೆಯೇ ಎರಡು ಇಂಟರ್‌ವ್ಯೂ ಕೈತಪ್ಪಿದ್ದವು. ಎರಡನೆಯ ಸಲ ಮನೆಗೆ ಬಂದವಳು ಸೀರೆಯನ್ನೂ ಬದಲಿಸದೆ ಬಾವಿಕಟ್ಟೆಯ ಮೇಲೆ ಕತ್ತಲಾಗುವ ತನಕ ಕೂತಿದ್ದಳು. ಆಮೇಲೆ ಮೂರನೆಯ ಕಾಗದ ಬಂತು. ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್ ಕೆಲಸ. ಹೊರಗಿನಿಂದ ಬರುವ ಫೋನು ಎತ್ತಿಕೊಂಡು, ಇಂಗ್ಲಿಷಿನಲ್ಲಿ ಮಾತಾಡಿಸಿ, ಯಾರು ಬೇಕೋ ಅವರಿಗೆ ಲೈನು ಜೋಡಿಸಿಕೊಡಬೇಕು. ಬಾಯಿ ತೆರೆಯದೆ ಆಗುವ ಕೆಲಸವೇ ಅಲ್ಲ. ಅಕ್ಕ ಕಾಗದ ಓದಿ ಅಪ್ಪನ ಕೈಗೆ ಕೊಟ್ಟು, "ಇದೂ ಹೋದ್ರ ನಾ ಮತ್ತ ಅರ್ಜಿ ಹಾಕಂಗಿಲ್ಲಪ್ಪಾ, ಮೊದಲ ಹೇಳಿಬಿಡ್ತೀನಿ" ಎಂದಳು. ಅವಳು ಅಳಲಿಲ್ಲ, ಮುನಿಸಿನಿಂದಲೂ ಹೇಳಲಿಲ್ಲ. ಅದಕ್ಕೇ ನಮಗೆಲ್ಲ ಭಯವಾಯಿತು.

ಇಂಟರ್‌ವ್ಯೂಗೆ ಒಂದು ತಿಂಗಳಿತ್ತು. ಮರುದಿನವೇ ಅಪ್ಪ ಮೂರು ತೆಂಗಿನ ಚಿಪ್ಪು ತಂದು ಗೂಡಿನಲ್ಲಿ ಸಾಲಾಗಿಟ್ಟ. ಒಂದು ಅವನದು, ಒಂದು ಅಕ್ಕನದು, ಒಂದು ನನ್ನದು. ಪಕ್ಕದಲ್ಲಿ ಬಿಸ್ಕತ್ತಿನ ಡಬ್ಬಿಯ ತುಂಬ ಹುಣಸೆ ಬೀಜ. ತಪ್ಪಿಗೊಂದರಂತೆ ಅವರವರ ಚಿಪ್ಪಿಗೆ ಬೀಜ ಬೀಳಬೇಕು. ಶನಿವಾರ ಸಂಜೆ ಎಣಿಕೆ. ಯಾರ ಚಿಪ್ಪಿನಲ್ಲಿ ಹೆಚ್ಚು ಬೀಜವೋ ಅವರು ಭಾನುವಾರ ಬೆಳಿಗ್ಗೆ ಮನೆಮಂದಿಯ ಎಣ್ಣೆಸ್ನಾನಕ್ಕೆ ಬಾವಿಯಿಂದ ನೀರು ಸೇದಿ ಹಂಡೆ ತುಂಬಬೇಕು. ತಪ್ಪು ಯಾವುದು ಎಂದು ಹೇಳುವ ನ್ಯಾಯಾಧೀಶಳು ಅಕ್ಕ.

ಇಂಗ್ಲಿಷ್ ಗಂಟೆಯಲ್ಲಿ ಅಪ್ಪನ ಮಾತು ಕೇಳಬೇಕಿತ್ತು ನೀವು. ಅವನಿಗೆ ಗೊತ್ತಿದ್ದದ್ದು ಕಚೇರಿಯ ಫೈಲುಗಳ ಇಂಗ್ಲಿಷ್ ಒಂದೇ. ಬಾಗಿಲು ಹಾಕಲು ಹೇಳಬೇಕಾದರೆ, "ಕೈಂಡ್ಲಿ ಕ್ಲೋಸ್ ದಿ ಡೋರ್ ಆ್ಯಂಡ್ ಒಬ್ಲೈಜ್" ಎನ್ನುತ್ತಿದ್ದ. ನಾನು ದ್ರಾಕ್ಷಿ ಬೇಕು ಎಂದು ಕೈಸನ್ನೆಯಲ್ಲಿ ಕೇಳಿದರೆ, "ಯುವರ್ ರಿಕ್ವೆಸ್ಟ್ ಈಸ್ ಅಂಡರ್ ಕನ್ಸಿಡರೇಷನ್" ಎಂದು ಗಂಭೀರವಾಗಿ ತಲೆಯಾಡಿಸುತ್ತಿದ್ದ. ಆ ಪರಿಗಣನೆ ವಾರಗಟ್ಟಲೆ ನಡೆಯುತ್ತಿತ್ತು. ನನ್ನದು ಇನ್ನೂ ಬಡ ಇಂಗ್ಲಿಷ್. ನಮ್ಮ ಶಾಲೆಯಲ್ಲಿ ಅದು ಶುರುವಾಗುತ್ತಿದ್ದದ್ದೇ ಐದನೇ ಕ್ಲಾಸಿಗೆ, ನಾನು ಆಗ ಆರನೇ ಕ್ಲಾಸು. ಆದ್ದರಿಂದ ಆ ಒಂದು ಗಂಟೆ ನಮ್ಮ ಮನೆ ಹೆಚ್ಚು ಕಡಿಮೆ ಮೂಕರ ಮನೆಯಾಗಿರುತ್ತಿತ್ತು.

ಅವ್ವ ಮಾತ್ರ ಈ ಆಟಕ್ಕೆ ಸೇರಲೇ ಇಲ್ಲ. ದೀಪ ಹಚ್ಚಿ ಕೈಮುಗಿದವಳೇ ಸೆರಗು ಹೊದ್ದುಕೊಂಡು, "ನಿಮ್ಮ ಇಂಗ್ಲಿಷ್ ಮುಗದ ಮ್ಯಾಲ ಕರೀರಿ" ಎಂದು ಹೇಳಿ ಓನರ್ ಅಜ್ಜಿಯ ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಅಲ್ಲಿ ಇಬ್ಬರೂ ಸೊಪ್ಪು ಸೋಸುತ್ತಲೋ ಅವರೆಕಾಯಿ ಸುಲಿಯುತ್ತಲೋ ಬಾಯಿ ತುಂಬ ಮಾತಾಡುವ ಸದ್ದು ನಮಗೆ ಕೇಳುತ್ತಿತ್ತು. ಒಬ್ಬಳದು ಧಾರವಾಡದ ಮಾತು, ಇನ್ನೊಬ್ಬಳದು ಕೆಂಪಾಪುರದ ಮಾತು. ಮೊದಮೊದಲು ಒಬ್ಬರದು ಒಬ್ಬರಿಗೆ ಅರ್ಧ ಅರ್ಥವಾಗುತ್ತಿರಲಿಲ್ಲವಂತೆ. ಹಾಗೆಂದು ಅವರು ಒಂದು ದಿನವೂ ಸುಮ್ಮನೆ ಕೂತದ್ದಿಲ್ಲ.

ಮಾತಿನ ಜೊತೆಗೆ ಹೊಸ ಪದಗಳ ಪಾಠವೂ ಇತ್ತು. ದಿನಕ್ಕೆ ಐದು ಪದ. ಅಪ್ಪ ಕಚೇರಿಯ ರದ್ದಿ ಸುತ್ತೋಲೆಗಳನ್ನು ತಂದು, ಹಿಂಬದಿಯ ಖಾಲಿ ಜಾಗವನ್ನು ಚೌಕ ಚೌಕ ಕತ್ತರಿಸುತ್ತಿದ್ದ. ಅಕ್ಕ ಮುದ್ದಾದ ಅಕ್ಷರದಲ್ಲಿ ಪದ ಬರೆಯುತ್ತಿದ್ದಳು. ನಾನು ಅನ್ನದ ಅಗುಳು ಹಿಸುಕಿ ಚೀಟಿಯನ್ನು ಆಯಾ ವಸ್ತುವಿಗೆ ಅಂಟಿಸುತ್ತಿದ್ದೆ. ಕಿಟಕಿ, ಕಂಬ, ಕೊಡ, ಒರಳು, ಅಪ್ಪನ ಛತ್ರಿ, ಯಾವುದನ್ನೂ ಬಿಡಲಿಲ್ಲ. ಆದರೆ ಜಗುಲಿಯ ಕಡೆ ಅಂಟಿಸಿದ ಚೀಟಿಗಳು ಬೆಳಗಾಗುವಷ್ಟರಲ್ಲಿ ಮಾಯವಾಗುತ್ತಿದ್ದವು. ಮೇಕೆಗೆ ಅನ್ನದ ರುಚಿ ಹತ್ತಿತ್ತು. ಕಾಗದದ ಸಮೇತ ನೆಕ್ಕಿ ನುಂಗುತ್ತಿತ್ತು. ಓನರ್ ಅಜ್ಜಿ ನಕ್ಕೂ ನಕ್ಕೂ, "ನಿಮ್ ಇಂಗ್ಲೀಸೆಲ್ಲಾ ನನ್ ಮೇಕೆ ಕಲ್ತ್‌ಬುಡ್ತು ಕಣವ್ವಾ, ನಾಳೆಯಿಂದ ಅದನ್ನೇ ಕೆಲ್ಸಕ್ಕೆ ಕಳ್ಸಿ" ಎನ್ನುತ್ತಿದ್ದಳು. ನಾವೂ ನಗುತ್ತಿದ್ದೆವು. ಮೇಕೆಯನ್ನು ಕಟ್ಟಿ ಎಂದು ಹೇಳಬೇಕೆಂದು ನಮ್ಮಲ್ಲಿ ಒಬ್ಬರಿಗೂ ತೋಚಲಿಲ್ಲ.

ಈಗ ಆ ಶನಿವಾರಕ್ಕೆ ಬರುತ್ತೇನೆ. ಸೋಮವಾರ ಇಂಟರ್‌ವ್ಯೂ. ಅದಕ್ಕೂ ಮೊದಲು ಮೂರು ಭಾನುವಾರ ನಾನೇ ನೀರು ಸೇದಿದ್ದೆ. ಹಗ್ಗ ಜಾರಿ ಅಂಗೈ ಕೆಂಪಾಗಿ ಬೊಬ್ಬೆ ಎದ್ದಿತ್ತು. ಅಪ್ಪ ಕನಿಕರ ತೋರಿಸುವ ಬದಲು, "ದಿ ಸೇಮ್ ಈಸ್ ನೋಟೆಡ್" ಎಂದು ನಗುತ್ತಿದ್ದ. ನನಗೆ ಹಟ ಹುಟ್ಟಿತು. ಆ ವಾರ ಪೂರ್ತಿ ನಾನು ತುಟಿ ಹೊಲಿದುಕೊಂಡವಳಂತಿದ್ದೆ. ಶನಿವಾರ ದೀಪ ಹಚ್ಚಿದಾಗ ನನ್ನ ಚಿಪ್ಪಿನಲ್ಲಿ ಒಂಬತ್ತು ಬೀಜ, ಅಪ್ಪನ ಚಿಪ್ಪಿನಲ್ಲಿ ಹತ್ತು. ಇನ್ನೊಂದು ಗಂಟೆ ಬಾಯಿ ಮುಚ್ಚಿಕೊಂಡಿದ್ದರೆ ನಾಳೆ ಅಪ್ಪ ಬಾವಿಗೆ! ಪಂಚೆ ಕಟ್ಟಿಕೊಂಡು ಗುಮಾಸ್ತರು ರಾಟೆ ಎಳೆಯುವುದನ್ನು ಬೀದಿಯ ಮಕ್ಕಳಿಗೆಲ್ಲ ತೋರಿಸಬೇಕೆಂದು ನಾನು ಆಗಲೇ ಇಬ್ಬರು ಗೆಳತಿಯರಿಗೆ ಹೇಳಿಟ್ಟಿದ್ದೆ.

ಅವತ್ತು ಅಪ್ಪ ಇನ್ನೊಂದು ಕೆಲಸ ಮಾಡಿದ್ದ. ಇಂಟರ್‌ವ್ಯೂ ಕಾಗದ ತೆಳ್ಳಗಿತ್ತು. ಬಂದವರು ಹೋದವರಿಗೆಲ್ಲ ತೋರಿಸಿ ತೋರಿಸಿ ಮಡಿಕೆಗಳಲ್ಲಿ ಹರಿಯಲು ಶುರುವಾಗಿತ್ತು. ಅದನ್ನು ತರದಿದ್ದರೆ ಒಳಗೆ ಬಿಡುವುದಿಲ್ಲ ಎಂದು ಅದರಲ್ಲೇ ಬರೆದಿತ್ತು. ದಾಖಲೆ ಹಾಳಾಗಬಾರದು ಎಂಬುದು ಅಪ್ಪನ ರಕ್ತದಲ್ಲಿ ಬಂದ ಮಾತು. ಅವನು ಹಳೆಯ ಕ್ಯಾಲೆಂಡರಿನ ರಟ್ಟು ತೆಗೆದುಕೊಂಡು, ಕಾಗದದ ಅಂಚಿಗೆಲ್ಲ ಅನ್ನದ ಅಗುಳು ಸವರಿ, ಸುಕ್ಕಿಲ್ಲದ ಹಾಗೆ ರಟ್ಟಿಗೆ ಅಂಟಿಸಿದ. ಗಾಳಿಗೆ ಒಣಗಲಿ ಎಂದು ಜಗುಲಿಯ ಮೇಲಿಟ್ಟು, ಹಾರದಂತೆ ಒಂದು ಕಲ್ಲು ಹೇರಿ ಒಳಗೆ ಬಂದ. ಹೌದು, ಮಕ್ಕಳೇ. ಅನ್ನದ ಅಗುಳು. ಜಗುಲಿಯ ಮೇಲೆ. ನೀವು ತಲೆ ಚಚ್ಚಿಕೊಳ್ಳುವುದು ನನಗೆ ಕಾಣುತ್ತಿದೆ.

ಒಳಗೆ ಅಪ್ಪ ಇಂಟರ್‌ವ್ಯೂ ನಾಟಕ ಶುರು ಮಾಡಿದ. ನಮ್ಮ ಇಂಗ್ಲಿಷ್ ಬೀದಿಯವರಿಗೆ ಕೇಳಬಾರದೆಂದು ಬಾಗಿಲು ಹಾಕಿ, ಬಾಗಿಲಿಗೇ ಕುರ್ಚಿ ಒತ್ತಿಕೊಂಡು ಅಧಿಕಾರಿಯಂತೆ ಕೂತ. ಅಕ್ಕ ಎದುರು ಕೈಕಟ್ಟಿ ನಿಂತಳು. ಅಪ್ಪ ಪ್ರಶ್ನೆ ಕೇಳುತ್ತಿದ್ದ, ಅಕ್ಕ ಯೋಚಿಸುತ್ತಿದ್ದಳು. ನಡುವೆ ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟುವುದು ಕೂಡ ಕೇಳುತ್ತಿತ್ತು. ನಾನು ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತಾ ನಿಂತಿದ್ದೆ. ಹೊರಗೆ ಇನ್ನೂ ಬೆಳಕಿತ್ತು. ದೂರದ ಕೆರೆಯ ಕಡೆಗೆ ಬೆಳ್ಳಕ್ಕಿಗಳು ಹೋಗುತ್ತಿದ್ದವು.

ಮೇಕೆ ಜಗುಲಿ ಹತ್ತಿತು. ರಟ್ಟನ್ನು ಮೂಸಿತು. ಮೂತಿಯಿಂದ ಕಲ್ಲನ್ನು ಪಕ್ಕಕ್ಕೆ ತಳ್ಳಿತು. ನಾನು ಸರಳಿನ ಸಂದಿಯಿಂದ ಕೈಯಾಡಿಸಿದೆ. ಅದು ನನ್ನನ್ನು ಒಂದು ಸಲ ನೋಡಿ ಅಂಚು ನೆಕ್ಕಲು ಶುರು ಮಾಡಿತು. ಬಾಗಿಲಿನ ಕಡೆ ತಿರುಗಿದರೆ ಅಲ್ಲಿ ಅಪ್ಪನ ಕುರ್ಚಿ. ಹೇಳಬೇಕು. ಆದರೆ ಕನ್ನಡದಲ್ಲಿ ಹೇಳಿದರೆ ಬೀಜ ಬಿದ್ದು ಅಪ್ಪನಿಗೆ ಸಮವಾಗುತ್ತೇನೆ, ಗಾಬರಿಯಲ್ಲಿ ಇನ್ನೊಂದು ಮಾತು ಬಂದರೆ ನಾಳೆ ಮತ್ತೆ ನಾನೇ ಬಾವಿಗೆ. ಇಂಗ್ಲಿಷಿನಲ್ಲಿ ಹೇಳೋಣವೆಂದರೆ ಅದರಲ್ಲಿ ತಪ್ಪಿರಬಾರದು. ಮೇಕೆಗೆ ಏನೆನ್ನುತ್ತಾರೆ ಗೊತ್ತಿತ್ತು. ಕಾಗದಕ್ಕೆ ಗೊತ್ತಿತ್ತು. ತಿನ್ನುವುದಕ್ಕೂ ಗೊತ್ತಿತ್ತು. ಮೂರನ್ನೂ ಜೋಡಿಸಿದೆ, ಸರಿಯಿಲ್ಲ ಅನ್ನಿಸಿತು. ಮತ್ತೆ ಜೋಡಿಸಿದೆ. ಈಗಿನ್ನೂ ಅಂಚು ತಾನೇ ತಿನ್ನುತ್ತಿದೆ, ಇನ್ನೂ ಸಮಯವಿದೆ ಎಂದುಕೊಂಡೆ. ಹಿಂದೆ ಅಕ್ಕನೂ ತನ್ನ ವಾಕ್ಯ ಜೋಡಿಸುತ್ತಾ ನಿಂತಿದ್ದಳು. ಒಂದೇ ಕೋಣೆಯಲ್ಲಿ ಇಬ್ಬರೂ ಬಾಯಿ ತೆರೆದುಕೊಂಡು ಮಾತಿಲ್ಲದೆ ನಿಂತಿದ್ದೆವು.

ಪರ್ ಎಂದು ಹರಿದ ಸದ್ದು ಕೇಳಿತು. ಆಗ ನನ್ನ ಗಂಟಲು ತಾನಾಗಿ ಬಿಚ್ಚಿಕೊಂಡಿತು. ನಮ್ಮ ಕಡೆ ಮೇಕೆಗೆ ಆಡು ಎನ್ನುತ್ತೇವೆ. "ಅಪ್ಪಾ, ಆಡು! ಆಡು ಕಾಗದಾ ತಿಂತು!" ಎಂದು ಊರಿಗೇ ಕೇಳುವಂತೆ ಕಿರುಚಿದೆ.

ಅಪ್ಪ ಕುರ್ಚಿ ಬೀಳಿಸಿ ಹೊರಗೆ ಓಡಿದ. ಬಾಯಿಂದ ನೇತಾಡುವ ಕಾಗದದ ಸಮೇತ ಮೇಕೆ ಬೀದಿಗೆ ಹಾರಿತು. ಪಂಚೆ ಎತ್ತಿ ಕಟ್ಟಿ ಅಪ್ಪ ಅದರ ಹಿಂದೆ, ಅಪ್ಪನ ಹಿಂದೆ ಅವ್ವ, ಅವ್ವನ ಹಿಂದೆ ಅವರೆಕಾಯಿಯ ಮೊರ ಹಿಡಿದೇ ಓಡಿಬಂದ ಓನರ್ ಅಜ್ಜಿ. ದ್ರಾಕ್ಷಿ ತೋಟದ ಬೇಲಿಯ ಹತ್ತಿರ ಅದನ್ನು ಹಿಡಿದು ಅಪ್ಪ ಬಾಯಿಗೆ ಕೈ ಹಾಕಿದನಂತೆ. ಸಿಕ್ಕಿದ್ದು ಜೊಲ್ಲು ಮಾತ್ರ. ಜಗುಲಿಯ ಮೇಲೆ ರಟ್ಟು ಉಳಿದಿತ್ತು. ಅದರ ಒಂದು ಮೂಲೆಯಲ್ಲಿ ಅಂಟಿಕೊಂಡೇ ಉಳಿದ ಎರಡು ಬೆರಳಗಲದ ಕಾಗದ, ಅದರ ಮೇಲೆ ಕಾರ್ಖಾನೆಯ ನೀಲಿ ಮುದ್ರೆಯ ಅರ್ಧ. ಅಕ್ಕ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೊಸಲಿನ ಮೇಲೆ ಕೂತಳು.

ಅಪ್ಪ ಏದುಸಿರು ಬಿಡುತ್ತಾ ಬಂದು ನನ್ನನ್ನು ಕೇಳಿದ. "ನೀ ಕಿಡಕ್ಯಾಗ ನಿಂತಿದ್ದೆಲ್ಲ? ನೋಡ್ಲಿಲ್ಲೇನು?"

"ಈಗ ನೋಡಿದೆ" ಎಂದೆ. ಅದು ಸುಳ್ಳು. ಎಲ್ಲರೂ ನಂಬಿದರು. ಯಾರಾದರೂ ನಂಬದೆ ಒಂದು ಏಟು ಕೊಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು.

ಓನರ್ ಅಜ್ಜಿ ಮೇಕೆಯ ಬೆನ್ನಿಗೆ ಎರಡು ಗುದ್ದಿ, "ನನ್ ಮೇಕೆಯಿಂದ ಇಂಗಾಯ್ತಲ್ಲಾ ಮಗಾ" ಎಂದು ಅಕ್ಕನ ತಲೆ ಸವರಿ ಕಣ್ಣೊರೆಸಿಕೊಂಡಳು. ಅವತ್ತು ಬೀಜ ಎಣಿಸಲು ಯಾರೂ ಗೂಡಿನ ಹತ್ತಿರ ಹೋಗಲಿಲ್ಲ. ಅವ್ವ ರೊಟ್ಟಿ ಬಡಿದಳು, ಯಾರೂ ಸರಿಯಾಗಿ ಉಣ್ಣಲಿಲ್ಲ.

ಭಾನುವಾರ ಎದ್ದಾಗ ಹಿತ್ತಲಿನಿಂದ ರಾಟೆಯ ಕಿರ್ ಕಿರ್ ಸದ್ದು ಬರುತ್ತಿತ್ತು. ಅಪ್ಪ ಒಬ್ಬನೇ ನೀರು ಸೇದುತ್ತಿದ್ದ. ನನ್ನ ಗೆಳತಿಯರಿಬ್ಬರು ಹೇಳಿದ ಹಾಗೆಯೇ ಬಂದು ಬೇಲಿಯ ಆಚೆ ನಿಂತಿದ್ದರು. ನಾನು ಅವರನ್ನು ಓಡಿಸಿದೆ. ಹಗ್ಗ ಕೊಡು ಎಂದು ಕೈ ಚಾಚಿದರೆ ಅಪ್ಪ, "ಬಿಡವಾ, ನಿನ್ನ ಕೈಯಾಗ ಬೊಬ್ಬಿ ಅದಾವ" ಎಂದ. ನಾನು ಒಂದು ವಾರದಿಂದ ಕಾಯುತ್ತಿದ್ದ ದೃಶ್ಯ ಅದು. ನೋಡಲಾಗದೆ ಒಳಗೆ ಹೋದೆ.

ಮಧ್ಯಾಹ್ನ ಅಕ್ಕ ಬಾವಿಕಟ್ಟೆಯ ಮೇಲೆ ಕೂತು ಕೂದಲು ಒಣಗಿಸುತ್ತಿದ್ದಳು. ಸೀಗೆಕಾಯಿಯ ವಾಸನೆ ಬರುತ್ತಿತ್ತು. ನಾನು ಪಕ್ಕದಲ್ಲಿ ಕೂತು, ಅವಳ ಮುಖ ನೋಡದೆ ಹೇಳಿದೆ. "ಅಕ್ಕಾ, ನಾ ನೋಡಿದ್ದೆ. ಆಡು ಜಗಲಿ ಹತ್ತಿದಾಗಿಂದ ನೋಡಿದ್ದೆ. ಬೀಜಕ್ಕ ಹೆದರಿ ಸುಮ್ನ ನಿಂತೆ."

ಅಕ್ಕ ಬೆರಳಿನಿಂದ ಕೂದಲ ಸಿಕ್ಕು ಬಿಡಿಸುತ್ತಲೇ ಇದ್ದಳು. ಅವಳು ಇನ್ನು ನನ್ನ ಜೊತೆ ಮಾತಾಡುವುದೇ ಇಲ್ಲ ಎಂದು ನನಗೆ ಅಳು ಬಂತು.

"ನಾ ಎರಡು ಸಲ ಹಂಗ ಸುಮ್ನ ಕೂತು ಬಂದೀನಲ್ಲ" ಎಂದಳು ಅಕ್ಕ ಕೊನೆಗೆ. "ಬರ್ತಿತ್ತು ನಂಗ. ಎಲ್ಲಾ ಬರ್ತಿತ್ತು. ತಪ್ಪಾದ್ರ ಏನಂತಾರೋ ಅಂತ ಬಾಯಿ ಬಿಡಲಿಲ್ಲ." ಆಮೇಲೆ ನನ್ನ ಅಂಗೈ ಬಿಡಿಸಿ ಬೊಬ್ಬೆಗಳನ್ನು ನೋಡಿ, ಅದರ ಮೇಲೆ ಉಫ್ ಎಂದು ಊದಿದಳು. ನಾನು ಆಗ ಜೋರಾಗಿ ಅತ್ತುಬಿಟ್ಟೆ.

ರಾತ್ರಿ ಅಪ್ಪ ಒಂದು ದೊಡ್ಡ ಅರ್ಜಿ ಬರೆಯಲು ಕೂತ. ನಾಳೆ ತಾನೂ ಬಂದು ಅಧಿಕಾರಿಗಳ ಕೈಗೆ ಕೊಡುತ್ತೇನೆ ಎಂದ. ಅಕ್ಕ ಅವನ ಪೆನ್ನಿನ ಮುಚ್ಚಳ ಹಾಕಿ, "ಬ್ಯಾಡಪ್ಪಾ. ನೀ ಬಂದ್ರ ನೀನ ಮಾತಾಡ್ತಿ. ಸಾಕ್ಷಿಗೆ ಇಕಿ ಬರಲಿ ಸಾಕು" ಎಂದು ನನ್ನ ಕಡೆ ಬೆರಳು ಮಾಡಿದಳು.

ಸೋಮವಾರ ನಾನು ಶಾಲೆ ತಪ್ಪಿಸಿ ಅಕ್ಕನ ಜೊತೆ ಹೊರಟೆ. ಹೆಬ್ಬಾಳದ ತನಕ ನಡೆದು, ಅಲ್ಲಿಂದ ಎರಡು ಬಸ್ಸು ಬದಲಿಸಿ ಯಶವಂತಪುರ ಮುಟ್ಟಿದೆವು. ರೈಲಿನ ಹೊಗೆ, ಲಾರಿಗಳ ಧೂಳು, ಎಲ್ಲೋ ಕಬ್ಬಿಣ ಬಡಿಯುವ ಸದ್ದು. ಅಕ್ಕನ ಕೈಚೀಲದಲ್ಲಿ ಮಾರ್ಕ್ಸ್ ಕಾರ್ಡುಗಳ ಜೊತೆ ಆ ರಟ್ಟು. ಕಾರ್ಖಾನೆಯ ಗೇಟಿನಲ್ಲಿ ಖಾಕಿ ತೊಟ್ಟ ವಾಚ್‌ಮನ್ ರಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಟ್ಟ. "ಕಾಗ್ದ ಇಲ್ದೆ ಒಳಗ್ ಬಿಡಕ್ಕಾಗಲ್ಲ ಕಣಮ್ಮಾ. ನನ್ ಕೆಲ್ಸ ಹೋಗುತ್ತೆ" ಎಂದ. ಒಳ್ಳೆಯ ಮನುಷ್ಯನೇ, ಆದರೆ ಗೇಟು ತೆರೆಯಲಿಲ್ಲ. ಬೇರೆ ಹುಡುಗಿಯರು ತಮ್ಮ ತಮ್ಮ ಕಾಗದ ತೋರಿಸಿ ಒಬ್ಬೊಬ್ಬರಾಗಿ ಒಳಗೆ ಹೋದರು. ನಾವು ಗೇಟಿನ ಪಕ್ಕದ ಕಾಂಪೌಂಡಿಗೆ ಒರಗಿ ನಿಂತೆವು.

ಅಷ್ಟರಲ್ಲಿ ಒಂದು ಸ್ಕೂಟರ್ ಬಂತು. ಬಿಳಿ ಕೂದಲು, ದಪ್ಪ ಕನ್ನಡಕದ ಅಧಿಕಾರಿಯೊಬ್ಬರು. ವಾಚ್‌ಮನ್ ಸಲಾಮು ಹೊಡೆದು ಗೇಟು ತೆರೆಯುತ್ತಿದ್ದ. ಅಕ್ಕ ಎರಡು ಹೆಜ್ಜೆ ಮುಂದೆ ಹೋಗಿ, "ಸರ್" ಎಂದಳು. ಅವರು ಕಾಲೂರಿ ನಿಂತು, ಏನು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ಅಕ್ಕನ ಕಣ್ಣು ಮೇಲಕ್ಕೆ ಹೋಯಿತು. ವಾಕ್ಯ ಜೋಡಿಸಲು ಶುರು ಮಾಡಿದಳು ಎಂದು ನನಗೆ ಗೊತ್ತಾಗಿಹೋಯಿತು. ಸ್ಕೂಟರ್ ಗುಡುಗುಡು ಎನ್ನುತ್ತಿತ್ತು. ಅವರು ಇನ್ನೇನು ಹೊರಡಬೇಕು. ನಾನು ಅವಳ ಸೆರಗು ಹಿಡಿದು ಜಗ್ಗಿದೆ. ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಬಾಯಿ ತೆರೆದಳು.

"ಸರ್, ಗೋಟ್ ಹ್ಯಾಸ್ ಈಟನ್ ಮೈ ಲೆಟರ್. ನಾಟ್ ಅವರ್ ಗೋಟ್ ಸರ್, ಓನರ್ ಗೋಟ್. ಮೈ ಫಾದರ್ ಪುಟ್ ರೈಸ್..." ಎಂದು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಅನ್ನದ ಅಗುಳು, ಜಗುಲಿ, ಬೇಲಿಯ ತನಕ ಓಡಿದ ಅಪ್ಪ, ಮೊರ ಹಿಡಿದ ಅಜ್ಜಿ, ಎಲ್ಲವೂ ಬಂದವು. ಪದ ಸಿಗದ ಕಡೆ ಕೈಯಿಂದ ತೋರಿಸಿದಳು. ಕೈಯಿಂದಲೂ ಆಗದ ಕಡೆ ಕನ್ನಡವನ್ನೇ ಸೇರಿಸಿ ಮುಂದೆ ಹೋದಳು. ನನಗೆ ಅಭ್ಯಾಸಬಲ, ಮನಸ್ಸಿನಲ್ಲೇ ಬೀಜ ಹಾಕುತ್ತಿದ್ದೆ. ಏಳರ ತನಕ ಎಣಿಸಿದೆ, ಆಮೇಲೆ ಬಿಟ್ಟುಬಿಟ್ಟೆ. ನಮ್ಮ ಅಕ್ಕ ಅಷ್ಟು ಹೊತ್ತು ಒಂದೇ ಸಮನೆ ಮಾತಾಡಿದ್ದನ್ನು ನಾನು ಕನ್ನಡದಲ್ಲೂ ಕೇಳಿರಲಿಲ್ಲ.

ಅಧಿಕಾರಿ ಸ್ಕೂಟರ್ ಆರಿಸಿದರು. ರಟ್ಟು ತೆಗೆದುಕೊಂಡು ಹಲ್ಲಿನ ಗುರುತು ನೋಡಿದರು. ನನ್ನ ಕಡೆ ಬಗ್ಗಿ, ನೀನು ನೋಡಿದೆಯಾ ಎಂದು ಕೇಳಿದರು. ನಾನು ಅಕ್ಕನ ಸೆರಗು ಬಿಟ್ಟು ಮುಂದೆ ಬಂದೆ. "ಎಸ್ ಸರ್. ಐ ಸೀ ಗೋಟ್. ಐ ನೋ ಶೌಟ್. ಮೈ ಮಿಸ್ಟೇಕ್ ಸರ್" ಎಂದೆ. ಮೂರು ವಾಕ್ಯ, ಮೂರಕ್ಕೂ ಬೀಜ. ಆದರೆ ಶನಿವಾರ ಸಂಜೆಯಿಂದ ಎದೆಯ ಮೇಲೆ ಕೂತಿದ್ದ ಭಾರ ಆ ಮೂರು ವಾಕ್ಯದಲ್ಲಿ ಇಳಿದುಹೋಯಿತು. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಚೀಲದಿಂದ ಪಟ್ಟಿ ತೆಗೆದು ಅಕ್ಕನ ಹೆಸರು ನೋಡಿ ಒಳಗೆ ಬಿಡುವಂತೆ ವಾಚ್‌ಮನ್‌ಗೆ ಹೇಳಿದರು.

ಮಧ್ಯಾಹ್ನದ ತನಕ ನಾನು ವಾಚ್‌ಮನ್ನನ ಗೂಡಿನಲ್ಲಿ ಕೂತು ಅವನು ಕೊಟ್ಟ ಕಡಲೆಕಾಯಿ ತಿಂದೆ. ಅಕ್ಕ ಹೊರಗೆ ಬಂದಾಗ ಅವಳ ನಡಿಗೆಯೇ ಬೇರೆಯಾಗಿತ್ತು. ಏನು ಕೇಳಿದರು ಎಂದರೆ, "ಆಡಿನ ಕತಿ ಎಲ್ಲಾರ ಮುಂದ ಮತ್ತೊಮ್ಮೆ ಹೇಳು ಅಂದ್ರು. ಹೇಳಿದೆ. ಆಮ್ಯಾಲ ಬ್ಯಾರೆ ಪ್ರಶ್ನಿ ಕೇಳಿದ್ರು. ಅದಕ್ಕೂ ಹೇಳಿದೆ. ತಪ್ಪಾಗಿರಬೇಕು ಬಹಳ" ಎಂದು ನಕ್ಕಳು. ತಪ್ಪಾಯಿತೆಂದು ನಗುತ್ತಿದ್ದ ಅಕ್ಕನನ್ನು ನಾನು ಅವತ್ತೇ ಮೊದಲು ನೋಡಿದ್ದು.

ಆ ಸಂಜೆ ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು, ಗೂಡಿನಿಂದ ಚಿಪ್ಪುಗಳನ್ನು ತೆಗೆದು ಬೀಜಗಳನ್ನೆಲ್ಲ ಅವ್ವನ ಮಡಿಲಿಗೆ ಸುರಿದ. ಇನ್ನು ಮೇಲೆ ತಪ್ಪು ಇಂಗ್ಲಿಷಿಗೆ ದಂಡವಿಲ್ಲ, ಏನಾದರೂ ಹಾಳಾಗುತ್ತಿದ್ದರೆ ಯಾವ ಭಾಷೆ ಬಾಯಿಗೆ ಬರುತ್ತದೋ ಅದರಲ್ಲಿ ಕೂಗಬೇಕು ಎಂದು ಸುತ್ತೋಲೆ ಹೊರಡಿಸಿದವನಂತೆ ಹೇಳಿದ. ಅವ್ವ ಆ ಬೀಜಗಳನ್ನು ತೇಯ್ದು ಚೌಕಾಬಾರದ ಆಟಕ್ಕೆ ಇಟ್ಟುಕೊಂಡಳು. ತಿಂಗಳಾದ ಮೇಲೆ ಕೆಲಸದ ಆರ್ಡರು ಬಂತು. ನೋಡಲು ಬಂದ ಓನರ್ ಅಜ್ಜಿ, "ಇದ್ನಾದ್ರೂ ಬದ್ರವಾಗಿ ಮಡಗ್ರವ್ವಾ" ಎಂದಳು. ಅವಳು ಒಳಗೆ ಬರುವ ಮೊದಲು ಮೇಕೆಯನ್ನು ತನ್ನ ಹಿತ್ತಲಿನ ಹುಣಸೆ ಮರಕ್ಕೆ ಕಟ್ಟಿ ಬಂದಿದ್ದಳು.

ಆ ದ್ರಾಕ್ಷಿ ತೋಟದ ಜಾಗದಲ್ಲೇ ಈಗ ನಾವಿರುವ ಅಪಾರ್ಟ್‌ಮೆಂಟು ಎದ್ದಿದೆ. ಏರ್‌ಪೋರ್ಟ್ ರಸ್ತೆಯ ವಾಹನಗಳ ಸದ್ದು ಹಗಲೂ ರಾತ್ರಿ ಕೇಳುತ್ತದೆ. ನನ್ನ ಮೊಮ್ಮಕ್ಕಳಿಗೆ ಇಂಗ್ಲಿಷ್ ಕಲಿಯುವ ಗಂಟೆ ಬೇಕಿಲ್ಲ, ಕನಸಿನಲ್ಲಿ ಬಡಬಡಿಸುವುದೂ ಅದೇ ಭಾಷೆಯಲ್ಲಿ. ಅದಕ್ಕೆ ನಾನೇ ಒಂದು ನಿಯಮ ಮಾಡಿದ್ದೆ, ಅಜ್ಜಿಯ ಜೊತೆ ಕನ್ನಡದಲ್ಲೇ ಮಾತಾಡಬೇಕು ಎಂದು. ತಪ್ಪಿದರೆ ಸಂಜೆಯ ಕಾರ್ಟೂನ್ ಇಲ್ಲ. ಆಡಿದ ಕನ್ನಡ ಸರಿಯಿಲ್ಲದಿದ್ದರೆ ತಿದ್ದುತ್ತಲೂ ಇದ್ದೆ. ಎಲ್ಲಿಂದ ಕಲಿತೆನೋ ನೋಡಿ.

ಕಳೆದ ವಾರ ನಾನು ಒಲೆಯ ಮೇಲೆ ಹಾಲಿಟ್ಟು ಬಾಲ್ಕನಿಯಲ್ಲಿ ಬಟ್ಟೆ ಮಡಿಸುತ್ತಾ ಕೂತಿದ್ದೆ. ಆರು ವರ್ಷದ ಮೊಮ್ಮಗ ಓಡಿ ಬಂದು ನನ್ನ ಮುಂದೆ ನಿಂತ. ಬಾಯಿ ತೆರೆದ, ಮುಚ್ಚಿದ. ಅಡುಗೆಮನೆಯ ಕಡೆ ನೋಡಿದ, ಮತ್ತೆ ನನ್ನನ್ನು ನೋಡಿದ. "ಅಜ್ಜೀ, ಹಾಲು... ಹಾಲು..." ಎಂದು ಅಲ್ಲೇ ನಿಂತುಬಿಟ್ಟ. ಅವನ ಕಣ್ಣು ಮೇಲಕ್ಕೆ ಹೋಗಿತ್ತು. ಹೊತ್ತಿದ ಹಾಲಿನ ವಾಸನೆ ನನ್ನ ಮೂಗಿಗೆ ಬಂದದ್ದು ಆಮೇಲೆ. ಅದಕ್ಕೂ ಮೊದಲು ನಾನು ಅವನ ಮುಖ ಗುರುತಿಸಿದೆ. ಕಿಟಕಿಯ ಸರಳು ಹಿಡಿದು ನಿಂತಿದ್ದ ಹುಡುಗಿಯ ಮುಖ ಅದು.

ಒಲೆ ಆರಿಸಿ ಬಂದು ಅವನನ್ನು ಎತ್ತಿಕೊಂಡೆ. ಬೈಗುಳ ಬರುತ್ತದೆಂದು ಹೆದರಿದ್ದ. ತಪ್ಪು ನಿನ್ನದಲ್ಲ, ನನ್ನದು ಎಂದೆ. ಕಾರ್ಟೂನಿನ ನಿಯಮವನ್ನು ಅಲ್ಲಿಂದಲೇ ರದ್ದು ಮಾಡಿ, ಈ ಮೇಕೆಯ ಕತೆ ಹೇಳಿದೆ.

ಅವನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಸಂಜಯನಗರದಲ್ಲಿರುವ ಅಕ್ಕನಿಗೆ ವಿಡಿಯೋ ಕಾಲ್ ಮಾಡಿಸಿದ. ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು, ಹಾಲು ಉಕ್ಕಿದ್ದು, ಅಜ್ಜಿ ಓಡಿದ್ದು, ಒಲೆಯೆಲ್ಲ ಬೆಳ್ಳಗಾದದ್ದು, ಎಲ್ಲವನ್ನೂ ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿದ. ಅವನ ಮಾತಿನಲ್ಲಿ ಗಂಡು ಹೆಣ್ಣಾಯಿತು, ನಿನ್ನೆ ನಾಳೆಯಾಯಿತು, ಅವನು ನಿಲ್ಲಿಸಲಿಲ್ಲ. ಅಕ್ಕ ಬೋಡುಬಾಯಿ ತೆರೆದು ನಗುತ್ತಾ ಪೂರ್ತಿ ಕೇಳಿದಳು. ಆಮೇಲೆ ನನ್ನನ್ನು ಕರೆದು, "ಎಷ್ಟು ಬೀಜ ಆತವಾ?" ಎಂದಳು.

"ಎಣಿಸಿಲ್ಲಕ್ಕಾ" ಎಂದೆ.